ಮೂರು ಮಡಿಕೆ

ಸಕ್ಕರೆ ಫ್ಯಾಕ್ಟರಿಯ ಸೈರನ್ನು ಕೂಗಿದ ಮೇಲೆ
ಸಿಂಗ್ರಯ್ಯ ತನ್ನ ಬಾಡಿಗೆ ಪುಸ್ತಕದಂಗಡಿಯ ಬಾಗಿಲು ತೆಗೆಯುತ್ತಿದ್ದ.
ದಿನಕ್ಕೆ ಎಂಟಾಣೆ. ಪುಟದ ಮೂಲೆ ಮಡಚಿದರೆ
ಮೇಲೆ ನಾಲ್ಕಾಣೆ ದಂಡ.
ಮಂಡ್ಯದ ಗಾಳಿಗೆಲ್ಲ ಕಾಕಂಬಿ ವಾಸನೆ,
ನಮ್ಮಿಬ್ಬರಿಗೆ ಮಾತ್ರ ತೇಲೂರಿನದು.

ತೇಲೂರು: ಮೋಡದ ಮೇಲೊಂದು ಊರು,
ಏಳೆಳೆಯ ಹಗ್ಗದಲ್ಲಿ
ಭೂಮಿಯ ಹುಣಸೆಮರಕ್ಕೆ ಕಟ್ಟಿಹಾಕಿದ್ದು.
ಭಾಗಕ್ಕೊಂದು ಎಳೆ ಕಡಿಯುತ್ತಿತ್ತು.
ಹನ್ನೊಂದು ವರ್ಷದ ಇಬ್ಬನಿ ಭಾಗಕ್ಕೊಂದು ಸಲ
ಗಂಟು ಹಾಕಿ ಊರು ಉಳಿಸುತ್ತಿದ್ದಳು.

ಒಂದೇ ಬಾಡಿಗೆಗೆ ನಾನು, ನಸೀಮ.
ಸಂಜೆ ನನ್ನದು, ಮಗ್ಗಿ ಪುಸ್ತಕದ ಮರೆಯಲ್ಲಿ.
ರಾತ್ರಿ ಅವಳದು, ಅವರಪ್ಪನ ಹೊಲಿಗೆ ಮೆಷಿನ್ನಿನ ದೀಪದಲ್ಲಿ.
ಬೆಳಿಗ್ಗೆ ಸ್ಕೂಲಿನ ಬೋರಿನ ಹತ್ತಿರ
ಕೊನೆ ಏನಾಯಿತೆಂದು ಹೇಳಿಯೇಬಿಡುತ್ತಿದ್ದಳು.
ನಾನು ಒಂದು ವಾರ ಟೂ ಬಿಡುತ್ತಿದ್ದೆ.

ನಾಲೆ ಏರಿಯ ಮೇಲೆ ನಿಂತು
ನೀರಿನಲ್ಲಿ ಹೋಗುವ ಮೋಡಗಳನ್ನು ನೋಡಿದ್ದೇವೆ,
ಯಾವುದಕ್ಕಾದರೂ ಹಗ್ಗ ಕಂಡೀತೆಂದು.

ಏಳನೇ ಭಾಗ ನನ್ನ ಕೈಗೆ ಬರಲೇ ಇಲ್ಲ.
ಲೆಡ್ಜರಿನ ಆ ಸಾಲಿಗೆ ಟೀ ಚೆಲ್ಲಿತ್ತು.
"ಯಾರೋ ಮಡಿಕ್ಕಂಡವ್ರೆ ಕಣವ್ವ," ಎಂದ ಸಿಂಗ್ರಯ್ಯ,
"ಕೊಡೋರು ಕೊಡ್ತಾರೆ."

ಕೊಡಲಿಲ್ಲ. ಮೂವತ್ತೆರಡು ವರ್ಷ.
ಮೊನ್ನೆ ಮಗಳ ಯೂನಿಫಾರ್ಮಿನ ಅಳತೆ ಕೊಡಲು
ನಸೀಮಳ ಅಂಗಡಿಗೆ ಹೋದೆ.
ಬಾಬಿನ್ ಹುಡುಕುತ್ತ ಡ್ರಾಯರು ಪೂರ್ತಿ ಎಳೆದಳು.
ದಾರದುಂಡೆಗಳ ಕೆಳಗೆ
ರಟ್ಟು ಕಿತ್ತುಹೋದ ಏಳನೇ ಭಾಗ.
ಇಬ್ಬರೂ ಸ್ವಲ್ಪ ಹೊತ್ತು ಅದನ್ನು ನೋಡದ ಹಾಗೆ ಕೂತೆವು.
"ಮುಗ್ದೋಯ್ತದಲ್ಲ ಅಂತ," ಎಂದಳು ಕೊನೆಗೆ.
"ನಾನೂ ಓದ್ಲಿಲ್ಲ ಕಣೆ. ತಗಂಡೋಗು."

ಆ ರಾತ್ರಿಯೇ ಓದಿದೆ. ಓದಬಾರದಿತ್ತೇನೋ.
ಪುಟಕ್ಕೆ ಮೂರು ಅಚ್ಚಿನ ತಪ್ಪು.
ಐದನೇ ಭಾಗದಲ್ಲಿ ಸತ್ತ ರಾಕ್ಷಸ
ಅದನ್ನು ಮರೆತು ಮತ್ತೆ ಬಂದಿದ್ದಾನೆ.
ಮಾತಾಡುವ ಕಾಗೆಗೆ ನಮ್ಮ ಹೆಡ್‌ಮಾಸ್ಟರ ದನಿ.
ಇಬ್ಬನಿ ಹಗ್ಗ ಹತ್ತುವಾಗ ನನ್ನ ಎದೆ ಹಾರಲಿಲ್ಲ.
ಹೆಣ್ಣುಮಗುವನ್ನು ಅಷ್ಟೆತ್ತರಕ್ಕೆ ಒಂಟಿಯಾಗಿ ಕಳಿಸಿದವರು ಯಾರು,
ಊಟ ಮಾಡಿದ್ದಾಳೋ ಇಲ್ಲವೋ,
ಇದೇ ಯೋಚನೆ.
ಚಿಕ್ಕದಾಯಿತು, ಅಂದುಕೊಂಡೆ. ಭುಜದಲ್ಲಿ ಬಿಗಿ.

ಆಮೇಲೆ, ಅರವತ್ತೆಂಟನೇ ಪುಟದಲ್ಲಿ, ಅವಳು.
ಹುಣಸೆಮರದ ಬುಡದಲ್ಲಿ ನಾರು ಹೊಸೆಯುತ್ತ ಕೂತವಳು.
ಮೊದಲ ಭಾಗದಿಂದಲೂ ಅಲ್ಲೇ ಇದ್ದಳಂತೆ.
ನಾವು ಅವಳನ್ನು ದಾಟಿ
ಯುದ್ಧ ಬರುವ ಪುಟಕ್ಕೆ ಓಡಿದ್ದೆವು.
ಹೆಸರೂ ಇಲ್ಲ ಅವಳಿಗೆ,
'ನಲವತ್ತು ದಾಟಿದ ಮುದುಕಿ' ಎಂದಷ್ಟೇ ಇದೆ.
ಮುದುಕಿ!
ನಕ್ಕ ಸದ್ದಿಗೆ ಪಕ್ಕದಲ್ಲಿ ಮಗಳು ಹೊರಳಿದಳು.
ಹುಡುಗಿ ಅವಸರದಲ್ಲಿ ಹಾಕಿಹೋದ ಗಂಟನ್ನು
ಪ್ರತಿ ರಾತ್ರಿ ಬಿಚ್ಚಿ, ಹೊಸ ನಾರು ಸೇರಿಸಿ,
ತೊಡೆಯ ಮೇಲೆ ಉಜ್ಜಿ ಉಜ್ಜಿ
ಎಳೆ ಮಾಡಿದವಳು ಈಕೆ.
ನಾಲ್ಕೇ ಸಾಲು. ಎರಡು ಸಲ ಓದಿದೆ.

ನಸೀಮಳ ಅಪ್ಪ ನನಗೆ ಲಂಗ ಹೊಲಿದರೆ
ಒಳಗೆ ಮೂರು ಮಡಿಕೆ ಇಡುತ್ತಿದ್ದರು.
"ಬೆಳೀಲಿ ಬುಡಿ, ಮೂರು ವರ್ಸ ಬತ್ತದೆ."
ಯುಗಾದಿಗೊಮ್ಮೆ ಅಮ್ಮ ಒಂದು ಮಡಿಕೆ ಬಿಚ್ಚುತ್ತಿದ್ದಳು.
ಬಿಚ್ಚಿದಲ್ಲಿ ಬಿಸಿಲು ಕಾಣದ ಒಂದು ಪಟ್ಟಿ,
ಕೊಂಡ ದಿನದ ಗಿಳಿಹಸಿರು.
ಉಳಿದದ್ದೆಲ್ಲ ಮಾಸಿರುತ್ತಿತ್ತು, ಸುಳ್ಳು ಹೇಳುವುದೇಕೆ.
ಆ ಪಟ್ಟಿ ಕಾಣದಿರಲೆಂದು
ನಾನು ಸ್ಕೂಲಿನಲ್ಲಿ ಬ್ಯಾಗು ಅಡ್ಡ ಹಿಡಿದು ನಡೆದಿದ್ದೇನೆ.

ಬೆಳಿಗ್ಗೆ ಫೋನು.
"ಓದಿದ್ಯಾ? ಬ್ಯಾಡ, ಹೇಳ್ಬ್ಯಾಡ."
ನಾನು ಹೇಳಲಿಲ್ಲ.
ಬಟ್ಟೆಯ ಮೇಲೆ ಸೂಜಿ ಓಡುವ ಸದ್ದು.
"ಊರು ಉಳೀತಾ? ಅಷ್ಟೇ ಹೇಳು."
ಆ ಕಡೆ ಮೆಷಿನ್ನಿನ ಚಕ್ರ ನಿಂತಿತು.